ಬಾಕಿ ಬಿಲ್ಲಿಗೆ ಬಡ್ಡಿ

ನಗರಸಭೆಗೋ ಪಂಚಾಯಿತಿಗೋ ರಸ್ತೆ, ಚರಂಡಿ, ಶಾಲೆಯ ಕೊಠಡಿ ಕಟ್ಟಿಕೊಟ್ಟ ಗುತ್ತಿಗೆದಾರನ ಬಿಲ್ಲು ವರ್ಷಗಟ್ಟಲೆ ಪಾವತಿಯಾಗದೆ ಉಳಿದರೆ ಆ ಅವಧಿಗೆ ಬಡ್ಡಿ ಕೊಡಬೇಕೇ ಎಂಬುದು ಭಾರತದ ನ್ಯಾಯಾಲಯಗಳಲ್ಲಿ ಸುಮಾರು ಇನ್ನೂರು ವರ್ಷಗಳಿಂದ ವಾದಕ್ಕೆ ಬರುತ್ತಿರುವ ಪ್ರಶ್ನೆ. ಅಸಲು ಎಷ್ಟು ಎಂಬುದು ಅಳತೆ ಪುಸ್ತಕದಲ್ಲಿ ಬರೆದಿರುತ್ತದೆ. ಬಡ್ಡಿ ಯಾವ ದಿನದಿಂದ, ಯಾವ ದರದಲ್ಲಿ, ಅಷ್ಟೇಕೆ, ಕೊಡಬೇಕೋ ಬೇಡವೋ ಎಂಬುದು ಕೂಡ ಬಹುಪಾಲು ಎಲ್ಲೂ ಬರೆದಿರುವುದಿಲ್ಲ. ಹತ್ತು ಲಕ್ಷ ರೂಪಾಯಿಯ ಬಿಲ್ಲು ಐದು ವರ್ಷ ತಡವಾಯಿತೆಂದು ಇಟ್ಟುಕೊಳ್ಳೋಣ. ಶೇ 6ರ ಸರಳ ಬಡ್ಡಿಯಾದರೆ ಮೂರು ಲಕ್ಷ, ಶೇ 18ರ ದರವಾದರೆ ಒಂಬತ್ತು ಲಕ್ಷ, ಬಡ್ಡಿಯೇ ಇಲ್ಲವೆಂದರೆ ಸೊನ್ನೆ. ಈ ಮೂರು ಉತ್ತರಗಳನ್ನೂ ಭಾರತದ ನ್ಯಾಯಾಲಯಗಳು ಒಂದಲ್ಲ ಒಂದು ಕಾಲದಲ್ಲಿ ಕೊಟ್ಟಿವೆ.

ಕೊಡಬೇಕಾದ ಹಣವನ್ನು ತಡೆಹಿಡಿದವನು ಬಡ್ಡಿ ತೆರಬೇಕೆಂಬ ವಿಚಾರ ಈ ನೆಲಕ್ಕೆ ಹೊಸದಲ್ಲ. ಸ್ಮೃತಿಕಾರರು ಋಣಾದಾನವನ್ನು, ಅಂದರೆ ಸಾಲದ ವಸೂಲಿಯನ್ನು, ವ್ಯವಹಾರದ, ಅಂದರೆ ನ್ಯಾಯವಿಚಾರಣೆಯ, ಮೊದಲ ಪದವೆಂದು ಎಣಿಸಿ ಅದರ ಕೆಳಗೆ ಬಡ್ಡಿಯನ್ನು ವಿವರವಾಗಿ ಚರ್ಚಿಸಿದ್ದಾರೆ. ನಾರದಸ್ಮೃತಿ ಕಾಯಿಕಾ, ಕಾಲಿಕಾ, ಕಾರಿತಾ, ಚಕ್ರವೃದ್ಧಿ ಎಂದು ಬಡ್ಡಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರವು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನವಾಗಿ ಈ ಚರ್ಚೆಯನ್ನು ಮುಂದುವರಿಸಿತು. ಅದರಲ್ಲಿ ಮುಖ್ಯವಾದುದು ಮೊದಲೇ ಮಾತಾಡಿಕೊಳ್ಳದ ಬಡ್ಡಿಯ, ಅಂದರೆ ಅಕೃತವೃದ್ಧಿಯ, ವಿಚಾರ. ಸರಕು ಕೊಂಡು ಬೆಲೆ ಕೊಡದೆ ಪರಊರಿಗೆ ಹೋದವನ ಬಾಕಿ ಮೂರು ಋತುಗಳು, ಅಂದರೆ ಆರು ತಿಂಗಳು, ಕಳೆದ ಮೇಲೆ ತಾನಾಗಿಯೇ ಬೆಳೆಯತೊಡಗುತ್ತದೆ ಎಂಬುದು ಕಾತ್ಯಾಯನನ ಮತ. ನಾರದ ಅಷ್ಟು ಉದಾರಿಯಲ್ಲ. ಮಾರಿದ ಸರಕಿನ ಬೆಲೆಗೂ ದುಡಿದ ಕೂಲಿಗೂ ಮಾತಿಲ್ಲದೆ ಬಡ್ಡಿ ಹುಟ್ಟುವುದಿಲ್ಲ ಎಂಬುದು ಅವನ ನಿಯಮ. ಹೀಗೆ ಮಾಡಿದ ಕೆಲಸದ ಹಣ ತಡವಾದರೆ ಅದು ಸಾಲದಂತೆ ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಆಗಲೇ ಎದುರುಬದುರು ನಿಂತಿದ್ದವು. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮ್‌ದುಪಟ್ ನಿಯಮವೂ ಇದೇ ಪರಂಪರೆಯದು. ಧಾರವಾಡ, ಬೆಳಗಾವಿ, ವಿಜಯಪುರ ಸೇರಿದ್ದ ಬಾಂಬೆ ಪ್ರಾಂತದಲ್ಲಿ ಬ್ರಿಟಿಷ್ ನ್ಯಾಯಾಲಯಗಳೂ ಹಿಂದೂ ಸಾಲಗಾರರ ಮಟ್ಟಿಗೆ ಅದನ್ನು ಪಾಲಿಸಿದವು.

ಇಂದಿನ ಕಾನೂನಿನ ಬೇರು ಮಾತ್ರ ಇಂಗ್ಲೆಂಡಿನದು. ಅಲ್ಲಿನ ಹಳೆಯ ಕಾಮನ್ ಲಾ ಪ್ರಕಾರ, ತಡವಾಗಿ ಬಂದ ಹಣಕ್ಕೆ ಬಡ್ಡಿ ಕೇಳುವ ಹಕ್ಕು ಒಪ್ಪಂದದಲ್ಲಿ ಬರೆದುಕೊಂಡಿದ್ದರೆ ಅಥವಾ ವ್ಯಾಪಾರದ ರೂಢಿಯಿದ್ದರೆ ಮಾತ್ರ. ಆ ಬಿಗಿಯನ್ನು ಸ್ವಲ್ಪ ಸಡಿಲಿಸಿದ್ದು ಲಾರ್ಡ್ ಟೆಂಟರ್ಡನ್ ಹೆಸರಿನಲ್ಲಿ ಪ್ರಸಿದ್ಧವಾದ 1833ರ ಕಾಯ್ದೆ. ಆರು ವರ್ಷಗಳ ನಂತರ ಅದರ ನಿಯಮವನ್ನೇ ಭಾರತಕ್ಕೆ ತಂದು 1839ರ ಬಡ್ಡಿ ಕಾಯ್ದೆ ಮಾಡಲಾಯಿತು. ಒಂದೇ ಮುಖ್ಯ ಕಲಮಿನ ಪುಟ್ಟ ಕಾಯ್ದೆ ಅದು. ಮೊತ್ತ ನಿಶ್ಚಿತವಾಗಿರಬೇಕು; ಯಾವ ದಿನ ಕೊಡಬೇಕೆಂಬುದು ಲಿಖಿತ ಪತ್ರದಲ್ಲಿ ಇರಬೇಕು; ಇಲ್ಲವಾದರೆ ಬಡ್ಡಿ ವಸೂಲು ಮಾಡುತ್ತೇವೆಂದು ಬರಹದಲ್ಲಿ ತಗಾದೆ ಕಳಿಸಿರಬೇಕು. ಆಗ ನ್ಯಾಯಾಲಯ ಮನಸ್ಸು ಮಾಡಿದರೆ ಚಾಲ್ತಿ ದರದ ಮಿತಿಯೊಳಗೆ ಬಡ್ಡಿ ಕೊಡಿಸಬಹುದು. ಕೊಡಿಸಲೇಬೇಕೆಂದಿಲ್ಲ. ಕೈಸಾಲಕ್ಕೂ ಹುಂಡಿಗೂ ಈ ನಿಯಮ ಸರಿಹೊಂದುತ್ತಿತ್ತು. ಕಾಮಗಾರಿಯ ಬಿಲ್ಲಿಗೆ ಹೊಂದುತ್ತಿರಲಿಲ್ಲ. ಕಾಮಗಾರಿಯಲ್ಲಿ ಮೊತ್ತ ನಿಶ್ಚಿತವಾಗುವುದೇ ಅಳತೆಯಾದ ಮೇಲೆ, ಅಳತೆ ಮಾಡುವವನು ಹಣ ಕೊಡಬೇಕಾದ ಇಲಾಖೆಯ ಎಂಜಿನಿಯರೇ. ಅಳತೆ ತಡವಾದಷ್ಟೂ ಮೊತ್ತ ಅನಿಶ್ಚಿತ, ಅನಿಶ್ಚಿತವಾದಷ್ಟೂ ಬಡ್ಡಿಯಿಲ್ಲ. ತಡಮಾಡಿದವನಿಗೇ ತಡದಿಂದ ಲಾಭ ತಂದುಕೊಡುವ ಈ ಲೋಪ 1839ರ ಕಾಯ್ದೆಯ ಜೊತೆಯಲ್ಲೇ ಹುಟ್ಟಿತು.

ಸ್ಥಳೀಯ ಸಂಸ್ಥೆಗಳು ಗುತ್ತಿಗೆಯ ಮೇಲೆ ಕೆಲಸ ಮಾಡಿಸುವ ದೊಡ್ಡ ಕೈಗಳಾಗಿ ಬೆಳೆದದ್ದು ಇದರ ನಂತರದ ದಶಕಗಳಲ್ಲಿ. 1850ರ ಪಟ್ಟಣ ಸುಧಾರಣಾ ಕಾಯ್ದೆಯಡಿ 1862ರಲ್ಲಿ ಬೆಂಗಳೂರಿನಲ್ಲಿ ಪುರಸಭಾ ಆಡಳಿತ ಆರಂಭವಾಯಿತು. 1882ರ ರಿಪನ್ ನಿರ್ಣಯ ದೇಶದಾದ್ಯಂತ ಪುರಸಭೆ, ಜಿಲ್ಲಾ ಬೋರ್ಡುಗಳಿಗೆ ಹೊಸ ಬಲ ಕೊಟ್ಟಿತು. ನೀರು, ಬೆಳಕು, ರಸ್ತೆ, ಚರಂಡಿಯ ಹೊಣೆಯೆಲ್ಲ ಇವುಗಳ ಹೆಗಲಿಗೆ ಬಂತು. ತೆರಿಗೆಯ ಅಧಿಕಾರ ಅಷ್ಟು ಉದಾರವಾಗಿ ಬರಲಿಲ್ಲ. ಕೆಲಸ ದೊಡ್ಡದು, ಕೈಯಲ್ಲಿನ ಹಣ ಚಿಕ್ಕದು ಎಂಬ ಈ ಸ್ಥಿತಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ನಂತರವೂ ಬದಲಾಗಿಲ್ಲ. ಸರ್ಕಾರದ ಅನುದಾನ ಬರುತ್ತದೆಂಬ ನಂಬಿಕೆಯ ಮೇಲೆ ಟೆಂಡರ್ ಕರೆಯುವುದು, ಅನುದಾನ ಬಾರದಿದ್ದಾಗ ಬಿಲ್ಲುಗಳನ್ನು ಜ್ಯೇಷ್ಠತಾ ಪಟ್ಟಿಯಲ್ಲಿ ಸಾಲು ನಿಲ್ಲಿಸುವುದು ಈ ಸಂಸ್ಥೆಗಳಲ್ಲಿ ವಾಡಿಕೆಯಾಗಿದೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಖರ್ಚಾಗದ ಅನುದಾನ ಹಿಂದಕ್ಕೆ ಹೋಗುವುದುಂಟು. ಹೀಗಾಗಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಪಾಲಿಕೆಯ ಲೆಕ್ಕಪತ್ರ ಶಾಖೆಯ ಮುಂದೆ ಗುತ್ತಿಗೆದಾರರ ನೂಕುನುಗ್ಗಲು ಕಾಣುತ್ತದೆ.

ಒಂದು ಬಿಲ್ಲು ನಡೆಯುವ ದಾರಿಯನ್ನು ಗಮನಿಸಿದರೆ ತಡ ಎಲ್ಲೆಲ್ಲಿ ಹುಟ್ಟುತ್ತದೆಂದು ತಿಳಿಯುತ್ತದೆ. ಡಾಲ್‌ಹೌಸಿಯ ಕಾಲದಲ್ಲಿ, 1850ರ ದಶಕದಲ್ಲಿ, ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. ಅದರ ಲೆಕ್ಕದ ಪದ್ಧತಿಯ ಕೇಂದ್ರದಲ್ಲಿ ನಿಂತದ್ದು ಅಳತೆ ಪುಸ್ತಕ. ಎಲ್ಲರ ಬಾಯಲ್ಲಿ ಅದು ಎಂ.ಬಿ. ಎಂದೇ ಪ್ರಚಲಿತ. ಅದರ ಪುಟಗಳಿಗೆ ಅಚ್ಚಿನ ಸಂಖ್ಯೆ. ಹಾಳೆ ಕೀಳುವಂತಿಲ್ಲ, ಅಂಕಿ ಅಳಿಸುವಂತಿಲ್ಲ. ತಪ್ಪಾದರೆ ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು ಕಿರುಸಹಿ ಹಾಕಬೇಕು. ಜೂನಿಯರ್ ಎಂಜಿನಿಯರ್ ಉದ್ದ, ಅಗಲ, ಆಳ ಬರೆಯುತ್ತಾನೆ, ಮೇಲಿನ ಎಂಜಿನಿಯರ್ ಸ್ಥಳಕ್ಕೆ ಹೋಗಿ ತಾಳೆ ನೋಡುತ್ತಾನೆ. ಅಲ್ಲಿಂದ ಬಿಲ್ಲು ವಿಭಾಗಕ್ಕೆ, ಲೆಕ್ಕಪತ್ರ ಶಾಖೆಗೆ, ಮುಖ್ಯಾಧಿಕಾರಿ ಅಥವಾ ಆಯುಕ್ತರ ಮೇಜಿಗೆ. ಗುಣಮಟ್ಟದ ವರದಿ, ಮೂರನೇ ವ್ಯಕ್ತಿಯ ತಪಾಸಣೆ, ಫೋಟೊ ಇವೆಲ್ಲ ಈಚೆಗೆ ಸೇರಿಕೊಂಡವು. ಪ್ರತಿ ಮೇಜಿನಲ್ಲೂ ಬಿಲ್ಲು ನಿಲ್ಲಲು ಕಾರಣ ಸಿಗುತ್ತದೆ. ಸಾರ್ವಜನಿಕ ಹಣ ಪೋಲಾಗದಿರಲೆಂದೇ ಇಷ್ಟು ಕಾವಲು ಇಟ್ಟದ್ದು, ಅದು ಬೇಕು ಕೂಡ. ಆದರೆ ಕಾವಲಿನ ಖರ್ಚು ಕೆಲಸ ಮುಗಿಸಿದವನ ತಲೆಗೆ ಬೀಳಬೇಕೆಂದು ಯಾವ ನ್ಯಾಯವೂ ಹೇಳುವುದಿಲ್ಲ. ಸಿಮೆಂಟು, ಜಲ್ಲಿಯ ಅಂಗಡಿಯವನು ಅವನಿಗಾಗಿ ಕಾಯುವುದಿಲ್ಲ, ಕೂಲಿಯವರಂತೂ ಕಾಯಲಾರರು. ಬ್ಯಾಂಕಿನ ಮಿತಿ ಮುಗಿದ ಸಣ್ಣ ಗುತ್ತಿಗೆದಾರ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾನೆ.

ಇಂಥ ಗುತ್ತಿಗೆದಾರನ ಪರವಾಗಿ 1872ರ ಕರಾರು ಕಾಯ್ದೆಯಲ್ಲಿ ಒಂದು ಆಸರೆ ಇದ್ದಂತೆ ತೋರುತ್ತದೆ. ಅದರ 73ನೇ ಕಲಂ ನಷ್ಟಪರಿಹಾರದ್ದು. ಆ ಕಲಮಿನ ಕೆಳಗಿನ ಒಂದು ದೃಷ್ಟಾಂತದಲ್ಲಿ, ಗೊತ್ತಾದ ದಿನ ಹಣ ಕೊಡುತ್ತೇನೆಂದವನು ಕೊಡುವುದಿಲ್ಲ. ಹಣ ಬಾರದ್ದರಿಂದ ಎದುರಿನವನು ತನ್ನ ಸಾಲ ತೀರಿಸಲಾಗದೆ ದಿವಾಳಿಯಾಗುತ್ತಾನೆ. ತಪ್ಪಿದವನು ಅಸಲನ್ನೂ ಕೊಡುವ ದಿನದವರೆಗಿನ ಬಡ್ಡಿಯನ್ನೂ ಕೊಟ್ಟರೆ ಸಾಕು, ದಿವಾಳಿಗೆ ಹೊಣೆಯಲ್ಲ ಎನ್ನುತ್ತದೆ ದೃಷ್ಟಾಂತ. ದಿವಾಳಿಯ ಹೊಣೆ ಇಲ್ಲದಿದ್ದರೂ ಬಡ್ಡಿಯಾದರೂ ಸಿಗುತ್ತದಲ್ಲ ಎಂದು ವಕೀಲರು ಇದನ್ನು ಹಿಡಿದುಕೊಂಡರು. ಬಂಗಾಳ ನಾಗಪುರ ರೈಲ್ವೆ ಕಂಪನಿಯ ವಿರುದ್ಧ ಗುತ್ತಿಗೆದಾರರು ಹೂಡಿದ ದಾವೆ ಆಗಿನ ಅಂತಿಮ ಮೇಲ್ಮನವಿ ನ್ಯಾಯಸ್ಥಾನವಾದ ಪ್ರಿವಿ ಕೌನ್ಸಿಲ್ ಮುಟ್ಟಿತು. ಆ ತೀರ್ಪು ವರದಿಯಾದದ್ದು 1938ರಲ್ಲಿ. ದೃಷ್ಟಾಂತವು ಇಲ್ಲದ ಹಕ್ಕನ್ನು ಸೃಷ್ಟಿಸಲಾರದು, ಒಪ್ಪಂದ, ರೂಢಿ ಅಥವಾ ಕಾಯ್ದೆ ಈ ಮೂರರಲ್ಲಿ ಒಂದಾದರೂ ಇರಬೇಕು ಎಂದು ಪ್ರಿವಿ ಕೌನ್ಸಿಲ್ ಆ ಬಾಗಿಲು ಮುಚ್ಚಿತು. ಹಿನ್ನೆಲೆಯಲ್ಲಿದ್ದದ್ದು 1893ರಲ್ಲಿ ಲಂಡನ್ನಿನ ಎರಡು ರೈಲ್ವೆ ಕಂಪನಿಗಳ ಜಗಳದಲ್ಲಿ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪು. ಬಡ್ಡಿ ಕೊಡಿಸದಿರುವುದು ನ್ಯಾಯವೆಂದು ಅನ್ನಿಸದಿದ್ದರೂ ಹಳೆಯ ತೀರ್ಪುಗಳು ಕೈಕಟ್ಟಿವೆಯೆಂದು ಅಲ್ಲಿನ ನ್ಯಾಯಮೂರ್ತಿಗಳು ಬರೆದಿದ್ದರು. ತಮಗೇ ಒಪ್ಪಿಗೆಯಾಗದ ನಿಯಮವನ್ನು ಅವರು ಒಂದು ಸಾಮ್ರಾಜ್ಯಕ್ಕೇ ಹಂಚಿದಂತಾಯಿತು.

ಸ್ವಾತಂತ್ರ್ಯಾನಂತರ ಸುಪ್ರೀಂ ಕೋರ್ಟ್ ಇದೇ ಜಾಡಿನಲ್ಲಿ ಹೊರಟಿತು. 1955ರ ಥಾವರದಾಸ್ ಫೆರುಮಲ್ ಪ್ರಕರಣ ಬಹುಕಾಲ ಗುತ್ತಿಗೆದಾರರನ್ನು ಕಾಡಿದ ತೀರ್ಪು. ಕೇಂದ್ರ ಲೋಕೋಪಯೋಗಿ ಇಲಾಖೆಗೆ ಕೋಟಿಗಟ್ಟಲೆ ಸುಟ್ಟ ಇಟ್ಟಿಗೆ ಒದಗಿಸುವ ಗುತ್ತಿಗೆ ಅದು. ತಯಾರಾದ ಇಟ್ಟಿಗೆಯನ್ನು ಇಲಾಖೆ ಹೊತ್ತಿಗೆ ಸರಿಯಾಗಿ ಸಾಗಿಸಲಿಲ್ಲ. ಗೂಡು ತೆರವಾಗಲಿಲ್ಲ. ಸುಡಲು ಸರದಿ ಕಾಯುತ್ತಿದ್ದ ಲಕ್ಷಾಂತರ ಹಸಿ ಇಟ್ಟಿಗೆ ಮಳೆಗೆ ಸಿಕ್ಕಿ ಮಣ್ಣಾಯಿತು. ವಿವಾದ ತೀರ್ಮಾನಿಸಲು ನೇಮಕವಾದ ಪಂಚಾಯ್ತಿದಾರ, ಅಂದರೆ ಆರ್ಬಿಟ್ರೇಟರ್, ಅದಕ್ಕೆ ಪರಿಹಾರ ಕೊಡಿಸಿದ್ದ. ಹಸಿ ಇಟ್ಟಿಗೆಯ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂಬ ಷರತ್ತು ಒಪ್ಪಂದದಲ್ಲಿದೆಯೆಂದು ಸುಪ್ರೀಂ ಕೋರ್ಟ್ ಆ ಪರಿಹಾರ ತೆಗೆದುಹಾಕಿತು. ಬಡ್ಡಿಯನ್ನೂ ತೆಗೆಯಿತು. ಮೊತ್ತ ನಿಶ್ಚಿತವಾಗಿರಲಿಲ್ಲ, ಬರಹದಲ್ಲಿ ತಗಾದೆ ಇರಲಿಲ್ಲ, ಮೇಲಾಗಿ 1839ರ ಕಾಯ್ದೆ ಬಡ್ಡಿಯ ಅಧಿಕಾರ ಕೊಟ್ಟದ್ದು ನ್ಯಾಯಾಲಯಕ್ಕೆ, ಪಂಚಾಯ್ತಿದಾರ ನ್ಯಾಯಾಲಯವಲ್ಲ ಎಂಬುದು ಕಾರಣ. ಸರ್ಕಾರಿ ಗುತ್ತಿಗೆಗಳ ವಿವಾದಗಳು ಬಹುಪಾಲು ಪಂಚಾಯ್ತಿಗೇ ಹೋಗುತ್ತಿದ್ದ ಕಾಲದಲ್ಲಿ ಈ ಕೊನೆಯ ಮಾತು ಬಹಳ ದೊಡ್ಡ ಪೆಟ್ಟು.

ಬಡ್ಡಿಯ ಮಾತು ಹಾಗಿರಲಿ, ಒಪ್ಪಂದದ ನಮೂನೆಯಲ್ಲೇ ದೋಷವಿದ್ದರೆ ಅಸಲಿಗೂ ಕುತ್ತು ಬರುತ್ತಿತ್ತು. ಸರ್ಕಾರದ ಕರಾರು ಸಂವಿಧಾನ ಹೇಳಿದ ಕ್ರಮದಲ್ಲಿ, ಪಾಲಿಕೆಯ ಕರಾರು ತನ್ನ ಕಾಯ್ದೆ ಹೇಳಿದ ಕ್ರಮದಲ್ಲಿ ಸಹಿಯಾಗಬೇಕು. ಅಧಿಕಾರಿಯ ಬಾಯಿಮಾತಿನ ಮೇಲೆ ಕೆಲಸ ಮಾಡಿದವನಿಗೆ ಕರಾರೇ ಇಲ್ಲ. 1961ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಅಂಡ್ ಸನ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರಾರು ಕಾಯ್ದೆಯ 70ನೇ ಕಲಮಿನ ಮೂಲಕ ದಾರಿ ಬಿಡಿಸಿತು. ಸರಬರಾಜು ಇಲಾಖೆಗಾಗಿ ಕಟ್ಟಿದ ಉಗ್ರಾಣಗಳನ್ನು ಸರ್ಕಾರ ಒಪ್ಪಿ ಬಳಸಿದ ಮೇಲೆ ಬೆಲೆ ಕೊಡಲೇಬೇಕು ಎಂದಿತು. ಪುರಸಭೆಗಳಲ್ಲಿ ತುರ್ತು ಕೆಲಸ ಮಾಡಿ ಕಾರ್ಯಾದೇಶವಿಲ್ಲದೆ ಸಿಕ್ಕಿಬೀಳುವವರಿಗೆ ಇವತ್ತಿಗೂ ಅದೇ ಆಸರೆ.

ಬಡ್ಡಿಯ ಕಾನೂನು ತಿರುಗಿದ್ದು 1970ರ ದಶಕದಲ್ಲಿ. 1839ರ ಕಾಯ್ದೆ ಹಳತಾಯಿತೆಂದು ಕಾನೂನು ಆಯೋಗ 1975ರಲ್ಲಿ ತನ್ನ 63ನೇ ವರದಿ ಕೊಟ್ಟಿತು. 1978ರ ಬಡ್ಡಿ ಕಾಯ್ದೆ ಬಂತು, ಜಾರಿಯಾದದ್ದು 1981ರ ಆಗಸ್ಟ್‌ನಲ್ಲಿ. ನ್ಯಾಯಾಲಯವೆಂದರೆ ಪಂಚಾಯ್ತಿದಾರನೂ ಸೇರಿದ ಹಾಗೆ ಎಂದು ಅದರ ವ್ಯಾಖ್ಯೆಯಲ್ಲೇ ಬರೆಯಲಾಯಿತು. ನಷ್ಟಪರಿಹಾರದ ಮೊತ್ತಕ್ಕೂ ಬಡ್ಡಿ ಸಿಗುವಂತಾಯಿತು. ಆದರೂ ಗೊಂದಲ ಮುಗಿಯಲಿಲ್ಲ. ಬಡ್ಡಿಯನ್ನು ವಕೀಲರು ಮೂರು ಕಾಲಗಳಾಗಿ ಒಡೆದು ನೋಡುತ್ತಾರೆ: ಬಾಕಿ ಬಿದ್ದ ದಿನದಿಂದ ವಿವಾದ ಪಂಚಾಯ್ತಿಗೆ ಹೋಗುವವರೆಗಿನದು, ಪಂಚಾಯ್ತಿ ನಡೆಯುವ ಅವಧಿಯದು, ತೀರ್ಪಾದ ಮೇಲಿನದು. ಹಳೆಯ 1940ರ ಪಂಚಾಯ್ತಿ ಕಾಯ್ದೆ ಮೊದಲ ಎರಡರ ಬಗ್ಗೆ ಏನೂ ಹೇಳಿರಲಿಲ್ಲ.

ಈ ಮೌನವನ್ನು ತುಂಬಿದ ಮೂರು ದೊಡ್ಡ ತೀರ್ಪುಗಳೂ ಒಡಿಶಾದ ನೀರಾವರಿ ಕಾಮಗಾರಿಗಳಿಂದ ಬಂದವು. ಬಾಲಿಮೇಲಾದ ಕಾರ್ಯಪಾಲಕ ಎಂಜಿನಿಯರ್ ಮೇಲ್ಮನವಿ ಹೋದ ಅಭದೂತ ಜೇನಾ ಪ್ರಕರಣದಲ್ಲಿ, 1987ರಲ್ಲಿ, ಪಂಚಾಯ್ತಿ ನಡೆಯುವ ಅವಧಿಗೆ ಬಡ್ಡಿ ಕೊಡಿಸುವ ಅಧಿಕಾರ ಪಂಚಾಯ್ತಿದಾರನಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಹೊಸ ಬಡ್ಡಿ ಕಾಯ್ದೆಗೆ ಮುಂಚೆ ಪಂಚಾಯ್ತಿಗೆ ಹೋದ ವಿವಾದಗಳಲ್ಲಿ ಹಿಂದಿನ ಅವಧಿಗೂ ಇಲ್ಲವೆಂದಿತು. ಹತ್ತು ಹದಿನೈದು ವರ್ಷ ಎಳೆದ ಪಂಚಾಯ್ತಿಗಳಲ್ಲಿ ಅಷ್ಟೂ ಕಾಲ ಇಲಾಖೆ ಹಣವನ್ನು ಪುಕ್ಕಟೆ ಇಟ್ಟುಕೊಂಡಂತಾಯಿತು. 1991ರ ಡಿಸೆಂಬರಿನಲ್ಲಿ ಜಿ.ಸಿ. ರಾಯ್ ಪ್ರಕರಣದ ಸಂವಿಧಾನ ಪೀಠ ಇದನ್ನು ತಿದ್ದಿತು. ತನಗೆ ಸಲ್ಲಬೇಕಾದ ಹಣದ ಬಳಕೆಯಿಂದ ವಂಚಿತನಾದವನಿಗೆ ಅದರ ಪರಿಹಾರ ಸಲ್ಲಬೇಕು, ಅದನ್ನು ಬಡ್ಡಿ ಎನ್ನಿ, ನಷ್ಟಭರ್ತಿ ಎನ್ನಿ, ಹೆಸರು ಮುಖ್ಯವಲ್ಲ ಎಂಬುದು ಅದರ ತಿರುಳು. ಒಪ್ಪಂದ ತಡೆಯದಿದ್ದರೆ ವಿಚಾರಣೆಯ ಅವಧಿಗೆ ಬಡ್ಡಿ ಕೊಡಿಸಬಹುದು ಎಂದಾಯಿತು. ಅದಕ್ಕೂ ಹಿಂದಿನ ಕಾಲದ ಬಡ್ಡಿ ಇನ್ನೂ ಉಳಿದಿತ್ತು. ಧೆಂಕಾನಾಲ್ ಸಣ್ಣ ನೀರಾವರಿ ವಿಭಾಗದ ಎನ್.ಸಿ. ಬುಧರಾಜ್ ಪ್ರಕರಣದಲ್ಲಿ ಇನ್ನೊಂದು ಸಂವಿಧಾನ ಪೀಠ 2001ರ ಜನವರಿಯಲ್ಲಿ ಅದನ್ನೂ ಅದೇ ತತ್ವದ ಮೇಲೆ ಕೊಡಿಸಿತು. 1839ರಲ್ಲಿ ಅರ್ಧ ಮಾತ್ರ ತೆರೆದಿದ್ದ ಬಾಗಿಲು ಪೂರ್ತಿ ತೆರೆಯಲು ನೂರ ಅರವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಷ್ಟರಲ್ಲಿ 1940ರ ಕಾಯ್ದೆಯೇ ರದ್ದಾಗಿತ್ತು.

ಅದರ ಜಾಗಕ್ಕೆ ಬಂದ 1996ರ ಪಂಚಾಯ್ತಿ ಮತ್ತು ರಾಜಿ ಕಾಯ್ದೆ ಬಡ್ಡಿಯನ್ನು ತನ್ನ 31ನೇ ಕಲಮಿನ 7ನೇ ಉಪಕಲಮಿನಲ್ಲೇ ಬರೆಯಿತು. ತೀರ್ಪಿನವರೆಗೆ ಪಂಚಾಯ್ತಿದಾರ ಸೂಕ್ತವೆಂದು ಕಂಡ ದರ, ತೀರ್ಪಿನ ನಂತರ ಬೇರೆ ಹೇಳದಿದ್ದರೆ ಶೇ 18. ಇಲ್ಲಿಂದ ಹೊಸದೊಂದು ವಾದ ಎದ್ದಿತು. ತೀರ್ಪಿನ ಮೊತ್ತವೆಂದರೆ ಅಸಲು ಮಾತ್ರವೋ, ಅಲ್ಲಿಯವರೆಗೆ ಕೂಡಿದ ಬಡ್ಡಿಯೂ ಸೇರಿದ್ದೋ? ಮೊದಲು ಹೇಳಿದ ಹತ್ತು ಲಕ್ಷದ ಬಿಲ್ಲಿಗೆ ಶೇ 12ರಂತೆ ಐದು ವರ್ಷದ ಬಡ್ಡಿ ಆರು ಲಕ್ಷ ಸೇರಿದರೆ ಹದಿನಾರು ಲಕ್ಷ. ಅದರ ಮೇಲೆ ಶೇ 18 ಎಂದರೆ ವರ್ಷಕ್ಕೆ 2,88,000 ರೂಪಾಯಿ. ಅಸಲಿನ ಮೇಲೆ ಮಾತ್ರವಾದರೆ 1,80,000. ಬಡ್ಡಿಗೆ ಬಡ್ಡಿ ಇಲ್ಲವೆಂದು 2010ರಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2014ರ ನವೆಂಬರಿನಲ್ಲಿ ಹೈಡರ್ ಕನ್ಸಲ್ಟಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೆ ಒಂದರ ಬಹುಮತದಿಂದ ಅದನ್ನು ತಳ್ಳಿಹಾಕಿ, ಕೂಡಿದ ಬಡ್ಡಿ ಸೇರಿದ ಮೊತ್ತಕ್ಕೇ ಮುಂದಿನ ಬಡ್ಡಿ ಎಂದಿತು. ಇದೂ ಒಡಿಶಾ ಸರ್ಕಾರದ ವಿರುದ್ಧದ ಪ್ರಕರಣವೇ. ಮರು ವರ್ಷ, 2015ರ ತಿದ್ದುಪಡಿಯಲ್ಲಿ, ಶೇ 18ರ ಜಾಗಕ್ಕೆ ಬ್ಯಾಂಕ್ ಠೇವಣಿಯ ಚಾಲ್ತಿ ದರಕ್ಕಿಂತ ಶೇ 2 ಹೆಚ್ಚು ಎಂಬ ಲೆಕ್ಕ ಬಂತು.

ದರ ಇಳಿಯುವ ಸೂಚನೆ ಕರ್ನಾಟಕದ ಪ್ರಕರಣವೊಂದರಲ್ಲಿ ಮೊದಲೇ ಕಂಡಿತ್ತು. ಕೃಷ್ಣಾ ಭಾಗ್ಯ ಜಲ ನಿಗಮದ ಕಾಮಗಾರಿಯ ವಿವಾದದಲ್ಲಿ ಪಂಚಾಯ್ತಿದಾರ ಶೇ 18ರ ಬಡ್ಡಿ ಕೊಡಿಸಿದ್ದ. 2007ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶೇ 9ಕ್ಕೆ ಇಳಿಸಿತು. ಆರ್ಥಿಕ ಸುಧಾರಣೆಯ ನಂತರ ದೇಶದಲ್ಲಿ ಬಡ್ಡಿಯ ದರಗಳೇ ಇಳಿದಿವೆ ಎಂಬುದು ಕಾರಣ. ಆ ತೀರ್ಪನ್ನು ಸರ್ಕಾರಿ ವಕೀಲರು ಇಂದಿಗೂ ದೇಶದ ಎಲ್ಲ ಕಡೆ ಉದ್ಧರಿಸುತ್ತಾರೆ. ಬ್ಯಾಂಕಿನಲ್ಲಿ ಠೇವಣಿ ಇಟ್ಟವನಿಗೆ ಸಿಗುವ ದರ ಇಳಿದಿದೆ ನಿಜ. ಬಿಲ್ಲು ಬಾರದೆ ಸಾಲ ಮಾಡಿದವನು ತೆರುವ ದರ ಅದಲ್ಲ. ಈ ಎರಡರ ನಡುವಿನ ಅಂತರವನ್ನು ಗುತ್ತಿಗೆದಾರನೇ ಭರಿಸುತ್ತಾನೆ.

ಕಾನೂನು ಹೀಗೆ ಹೆಜ್ಜೆ ಹೆಜ್ಜೆಯಾಗಿ ಸಡಿಲಾದಂತೆ ಟೆಂಡರಿನ ಷರತ್ತು ಬಿಗಿಯಾಗುತ್ತ ಹೋಯಿತು. ಈ ಇತಿಹಾಸದ ಅತ್ಯಂತ ಮುಖ್ಯ ಭಾಗ ಇದೇ. ಎಲ್ಲ ತೀರ್ಪುಗಳಲ್ಲೂ, 1978ರ ಕಾಯ್ದೆಯಲ್ಲೂ, 1996ರ ಕಾಯ್ದೆಯಲ್ಲೂ ಒಂದು ಮಾತು ಸಮಾನ: ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ. ಆ ಮಾತಿನ ಮೇಲೆ ಇಲಾಖೆಗಳು ತಮ್ಮ ಷರತ್ತನ್ನು ಕಟ್ಟಿದವು. ಬಯಾನೆ ಹಣ, ಭದ್ರತಾ ಠೇವಣಿ, ಗುತ್ತಿಗೆದಾರನಿಗೆ ಒಪ್ಪಂದದಡಿ ಸಲ್ಲಬೇಕಾದ ಯಾವ ಮೊತ್ತಕ್ಕೂ ಬಡ್ಡಿ ಇಲ್ಲ ಎಂಬ ಸಾಲು ರೈಲ್ವೆಯ ಸಾಮಾನ್ಯ ಷರತ್ತುಗಳಲ್ಲಿ ಬಹುಕಾಲದಿಂದ ಇದೆ. ಕಲ್ಕತ್ತಾ ಬಂದರು ಮಂಡಳಿಯ ಷರತ್ತನ್ನು 1995ರಲ್ಲಿ ಸುಪ್ರೀಂ ಕೋರ್ಟ್ ಗುತ್ತಿಗೆದಾರನಿಗೆ ಅನುಕೂಲವಾಗಿ ಓದಿತು. ಬಡ್ಡಿ ಕೊಡಕೂಡದೆಂಬ ನಿರ್ಬಂಧ ಮಂಡಳಿಯ ಅಧಿಕಾರಿಗಳಿಗೆ, ಪಂಚಾಯ್ತಿದಾರನಿಗೆ ಅಲ್ಲ ಎಂದಿತು. ಆ ಔದಾರ್ಯ ಉಳಿಯಲಿಲ್ಲ. 2009ರ ಸಯೀದ್ ಅಹಮದ್, 2010ರ ಶ್ರೀ ಕಾಮಾಕ್ಷಿ ಅಮ್ಮನ್ ಕನ್‌ಸ್ಟ್ರಕ್ಷನ್ಸ್, 2019ರ ತೆಹ್ರಿ ಜಲವಿದ್ಯುತ್ ನಿಗಮದ ಪ್ರಕರಣ, 2021ರ ಗರ್ಗ್ ಬಿಲ್ಡರ್ಸ್, ಹೀಗೆ ಸಾಲಾಗಿ ಬಂದ ತೀರ್ಪುಗಳು 1996ರ ಕಾಯ್ದೆಯಡಿ ನಿಷೇಧದ ಷರತ್ತಿದ್ದರೆ ತೀರ್ಪಿನವರೆಗಿನ ಬಡ್ಡಿ ಇಲ್ಲವೆಂದು ಗಟ್ಟಿಮಾಡಿದವು. ತೀರ್ಪಿನ ನಂತರದ ಬಡ್ಡಿಯನ್ನು ಮಾತ್ರ ಷರತ್ತು ತಡೆಯಲಾರದು ಎಂಬುದು 2024ರಲ್ಲೂ ಪುನರುಚ್ಚಾರವಾಗಿದೆ.

ಸಹಿ ಹಾಕಿದವನು ಷರತ್ತಿಗೆ ಬದ್ಧ ಎಂಬ ತರ್ಕ ಇಬ್ಬರು ಸರಿಸಮಾನರ ಕರಾರಿಗೆ ಒಪ್ಪುವಂಥದ್ದು. ಟೆಂಡರ್ ದಾಖಲೆ ಒಂದು ಕಡೆಯವರೇ ಅಚ್ಚು ಹಾಕಿಸಿದ್ದು. ಅದರಲ್ಲಿ ಒಂದು ಪದ ತಿದ್ದಿದರೂ ಷರತ್ತುಬದ್ಧ ಟೆಂಡರ್ ಎಂದು ತಿರಸ್ಕಾರವಾಗುತ್ತದೆ. ಇತ್ತ ಅದೇ ಸ್ಥಳೀಯ ಸಂಸ್ಥೆ ತನಗೆ ಬರಬೇಕಾದ ತೆರಿಗೆಗೆ ಬಡ್ಡಿ ಬಿಟ್ಟುಕೊಟ್ಟ ಉದಾಹರಣೆ ಕಡಿಮೆ. ಬೆಂಗಳೂರಿನ ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿಯಲ್ಲಿ ಬಾಕಿದಾರರು ತಿಂಗಳಿಗೆ ಶೇ 2ರಂತೆ ಬಹುಕಾಲ ತೆತ್ತಿದ್ದಾರೆ. ಪಡೆಯುವಾಗ ವರ್ಷಕ್ಕೆ ಶೇ 24, ಕೊಡುವಾಗ ಏನೂ ಇಲ್ಲ ಎನ್ನುವುದಕ್ಕೆ ಯಾವ ಸಮರ್ಥನೆಯೂ ಸಿಗಲಾರದು.

ಸಣ್ಣ ಉದ್ದಿಮೆಗಳಿಗೆ ಮಾತ್ರ ಸಂಸತ್ತು ಬೇರೆಯೇ ದಾರಿ ಹಿಡಿಯಿತು. 1993ರಲ್ಲಿ ಸಣ್ಣ ಕೈಗಾರಿಕೆಗಳ ವಿಳಂಬಿತ ಪಾವತಿಗೆ ಪ್ರತ್ಯೇಕ ಬಡ್ಡಿ ಕಾಯ್ದೆ ಬಂತು. ಅದರ ಬದಲಿಗೆ ಬಂದ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಒಪ್ಪಂದ ಏನೇ ಹೇಳಲಿ, 45 ದಿನ ಮೀರಿ ಹಣ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಮೊತ್ತದ ಶೇ 75ರಷ್ಟನ್ನು ಠೇವಣಿ ಇಡಬೇಕು. ಪುರಸಭೆಗೆ ಬೀದಿದೀಪವನ್ನೋ ನೀರಿನ ಪಂಪನ್ನೋ ಮಾರಿದ ನೋಂದಾಯಿತ ಸಣ್ಣ ಉದ್ದಿಮೆಗೆ ಇದು ದೊಡ್ಡ ರಕ್ಷಣೆ. ಆದರೆ ಸಾಮಗ್ರಿಯೂ ಶ್ರಮವೂ ಬೆರೆತ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸದೆಂದು ಬಾಂಬೆ ಹೈಕೋರ್ಟ್ ತೀರ್ಪುಗಳು ಹೇಳಿವೆ. ಮಹಾರಾಷ್ಟ್ರದ ವರ್ಧಾ ನಗರಾಡಳಿತದ ವಿರುದ್ಧದ 2021ರ ಪ್ರಕರಣ ಅವುಗಳಲ್ಲೊಂದು. ಹೀಗಾಗಿ ಪಂಪು ಮಾರಿದವನಿಗೆ ಚಕ್ರಬಡ್ಡಿ, ಅದೇ ಪಂಪನ್ನು ಕೂರಿಸುವ ಮನೆ ಕಟ್ಟಿದವನಿಗೆ ಟೆಂಡರಿನ ಷರತ್ತೇ ಗತಿ.

ಹೊರದೇಶಗಳು ಈ ವಿಷಯದಲ್ಲಿ ಮುಂದೆ ಹೋಗಿವೆ. ಅಮೆರಿಕದ ಕೇಂದ್ರ ಸರ್ಕಾರ 1982ರಲ್ಲಿ ಶೀಘ್ರ ಪಾವತಿ ಕಾಯ್ದೆ ಮಾಡಿತು. ಫ್ಲಾರಿಡಾದಂಥ ರಾಜ್ಯಗಳಲ್ಲಿ ನಗರ, ಕೌಂಟಿಗಳಿಗೇ ಪ್ರತ್ಯೇಕ ಕಾಯ್ದೆ ಇದೆ. ನಮಗೆ 1839ರ ನಿಯಮ ಕೊಟ್ಟ ಬ್ರಿಟನ್ 1998ರಲ್ಲಿ ಸಾರ್ವಜನಿಕ ಸಂಸ್ಥೆಗಳನ್ನೂ ಸೇರಿಸಿ ಮೂಲ ದರಕ್ಕಿಂತ ಶೇ 8 ಹೆಚ್ಚಿನ ಶಾಸನಬದ್ಧ ಬಡ್ಡಿ ತಂದಿತು. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನ ಸಾರ್ವಜನಿಕ ಸಂಸ್ಥೆಗಳಿಗೆ ಸಾಮಾನ್ಯವಾಗಿ 30 ದಿನದ ಗಡುವು ಕೊಡುತ್ತದೆ. ಅದನ್ನು ಪಾಲಿಸದ ಇಟಲಿಯ ವಿರುದ್ಧ 2020ರ ಜನವರಿಯಲ್ಲಿ ಒಕ್ಕೂಟದ ನ್ಯಾಯಾಲಯವೇ ತೀರ್ಪು ಕೊಟ್ಟಿತು. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾದರಿ ಒಪ್ಪಂದವಾದ 1999ರ ಫಿಡಿಕ್ ಕೆಂಪು ಪುಸ್ತಕದಲ್ಲೂ, ವಿಶ್ವಬ್ಯಾಂಕಿನ ಮಾದರಿ ಟೆಂಡರ್ ದಾಖಲೆಗಳಲ್ಲೂ ತಡವಾದ ಪಾವತಿಗೆ ಬಡ್ಡಿ ಷರತ್ತಿನಲ್ಲೇ ಸೇರಿದೆ. ಅಂಥ ದಾಖಲೆಗಳ ಮೇಲೆ ನಡೆದ ಬಾಹ್ಯ ನೆರವಿನ ನಗರ ಯೋಜನೆಗಳಲ್ಲಿ ನಮ್ಮ ಸ್ಥಳೀಯ ಸಂಸ್ಥೆಗಳೇ ಈ ಷರತ್ತಿಗೆ ಒಪ್ಪಿ ಸಹಿ ಹಾಕಿವೆ. ಪರರ ಹಣದ ಕಾಮಗಾರಿಗೆ ಸಾಧ್ಯವಾದದ್ದು ಸ್ವಂತ ತೆರಿಗೆ ಹಣದ ಕಾಮಗಾರಿಗೆ ಅಸಾಧ್ಯವಲ್ಲ.

ಪಂಚಾಯ್ತಿ ಕಲಂ ಇಲ್ಲದ ಒಪ್ಪಂದದಲ್ಲಿ ಗುತ್ತಿಗೆದಾರನ ದಾರಿ ಸಿವಿಲ್ ನ್ಯಾಯಾಲಯ. ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಿವಾದವಾದರೆ ವಾಣಿಜ್ಯ ನ್ಯಾಯಾಲಯ. ಅಲ್ಲಿ ದಾವೆಯ ನಂತರದ ಬಡ್ಡಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಕಲಂ. ಡಿಕ್ರಿಯ ಮೇಲಿನ ದರಕ್ಕೆ ಶೇ 6ರ ಮಿತಿಯಿದ್ದರೂ ವಾಣಿಜ್ಯ ವ್ಯವಹಾರಕ್ಕೆ 1976ರ ತಿದ್ದುಪಡಿ ಅದನ್ನು ಸಡಿಲಿಸಿದೆ. ದಾವೆಗೆ ಹಿಂದಿನ ಬಡ್ಡಿಗೆ 1978ರ ಕಾಯ್ದೆಯೇ ಆಧಾರ. ಪಾವತಿಯ ದಿನ ಒಪ್ಪಂದದಲ್ಲಿ ಇಲ್ಲದಿದ್ದರೆ, ಬಡ್ಡಿ ಕೇಳುತ್ತೇವೆಂದು ಬರೆದ ನೋಟಿಸಿನಲ್ಲಿ ಹೇಳಿದ ದಿನದಿಂದ ಮಾತ್ರ ಅದು ಓಡುತ್ತದೆ. ಆದ್ದರಿಂದ ಬಿಲ್ಲಿನ ಜೊತೆಗೇ ಆ ನೋಟಿಸನ್ನು ಕೊಟ್ಟು ಸ್ವೀಕೃತಿಯ ಮೊಹರು ಪಡೆಯುವುದು ಗುತ್ತಿಗೆದಾರನ ಕೈಯಲ್ಲಿರುವ ಕೆಲಸ. ಕೆಲಸ ಮುಗಿದ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಅಸಲೂ ಕಾಲಮಿತಿಗೆ ಸಿಕ್ಕಿ ಹೋಗಬಹುದು. ಸರ್ಕಾರದ ಕೈಯಲ್ಲಿರುವ ಕೆಲಸ ಇನ್ನೂ ಸರಳ. ಸ್ಥಳೀಯ ಸಂಸ್ಥೆಗಳ ಟೆಂಡರ್ ದಾಖಲೆಗಳಲ್ಲಿ ಬಡ್ಡಿಯಿಲ್ಲ ಎಂಬ ಸಾಲು ಎಲ್ಲಿದೆಯೋ ಅಲ್ಲಿ ಅದನ್ನು ತೆಗೆದು, ಪಾವತಿಯ ದಿನವನ್ನೂ ತಪ್ಪಿದರೆ ತೆರಬೇಕಾದ ದರವನ್ನೂ ಬರೆಯಬೇಕು.